ಬರಹದಿಂದ ನಕ್ಷೆ

ಊರಿಗೆ ಹೊಸಬರಾದವರೊಬ್ಬರು ನಮ್ಮನ್ನು ಅಂಚೆಕಚೇರಿಯ ದಾರಿ ಕೇಳಿದರೆನ್ನೋಣ. ‘ಈ ಬೀದಿಯ ತುದಿಯಲ್ಲಿ ಎಡಕ್ಕೆ ತಿರುಗಿ, ಅಲ್ಲೊಂದು ಅರಳಿಕಟ್ಟೆ ಸಿಕ್ಕುವುದು, ಅಲ್ಲಿ ದಾರಿ ಎರಡಾಗಿ ಒಡೆಯುವುದು, ಬಲಕ್ಕೆ ಹೋದರೆ ಸಂತೆಯ ಬಯಲು, ಎಡಕ್ಕೆ ಹೋದರೆ ಅಂಚೆಕಚೇರಿ’ ಎಂದು ಹೇಳತೊಡಗುತ್ತೇವೆ. ಅವರ ಮುಖದಲ್ಲಿ ಗೊಂದಲ ಕಂಡೊಡನೆ ಮಾತನ್ನು ನಿಲ್ಲಿಸಿ, ಒಂದು ಕಡ್ಡಿಯನ್ನೆತ್ತಿಕೊಂಡು, ನೆಲದ ಮೇಲೆ ನಾಲ್ಕು ಗೆರೆಗಳನ್ನೆಳೆಯುತ್ತೇವೆ. ಅವರಿಗೆ ಕೂಡಲೇ ತಿಳಿಯುತ್ತದೆ. ಮಾತಿನಲ್ಲಿ ಒಂದಾದ ಮೇಲೊಂದರಂತೆ ಬರುವ ಸಂಗತಿಗಳು ಚಿತ್ರದಲ್ಲಿ ಒಟ್ಟಿಗೆ ಕಣ್ಣಿಗೆ ಬೀಳುತ್ತವೆ. ನಕ್ಷೆಯ ಬಲವೆಲ್ಲ ಇರುವುದು ಇದರಲ್ಲಿಯೇ.

ಸೇತುವೆಯನ್ನೋ ಎಂಜಿನನ್ನೋ ನಾವು ಕಣ್ಣಾರೆ ಕಾಣಬಹುದು. ಆದರೆ ಗಣಕಯಂತ್ರವನ್ನು ನಡೆಸುವ ತಂತ್ರಾಂಶಕ್ಕೆ ಕಣ್ಣಿಗೆ ಕಾಣುವ ರೂಪವಿಲ್ಲ. ಅದು ಸಾವಿರಾರು ಸಾಲುಗಳ ಬರಹ. ಅದರ ಯಾವ ಭಾಗ ಯಾವ ಭಾಗಕ್ಕೆ ಏನನ್ನು ಕೊಡುತ್ತದೆ, ಯಾವುದು ಮೊದಲು, ಯಾವುದು ಅನಂತರ ಎಂಬುದನ್ನು ಹೊಸಬರಿಗೆ ತಿಳಿಸಬೇಕಾದರೆ ನಕ್ಷೆಯಿಲ್ಲದೆ ತೀರದು. ಆದುದರಿಂದಲೇ ತಂತ್ರಾಂಶದೊಡನೆ ಬರುವ ವಿವರಣ ಪುಸ್ತಕಗಳಲ್ಲಿ ಚೌಕಗಳೂ ಬಾಣಗಳೂ ತುಂಬಿರುತ್ತವೆ.

ನಕ್ಷೆಗಳಿಂದ ಉಪಕಾರವಾಗುವಂತೆ ಅಪಕಾರವೂ ಆಗುವುದುಂಟು. ನಮ್ಮ ಅನುಭವದಲ್ಲಿ ನಡೆದ ಒಂದು ಸಣ್ಣ ಸಂಗತಿಯನ್ನು ಇಲ್ಲಿ ಹೇಳಬಹುದು. ಪ್ರಯೋಗಶಾಲೆಯಲ್ಲಿ ಲೋಲಕದ ಆಂದೋಲನ ಕಾಲವನ್ನು ಅಳೆಯಲು ನಾವು ಒಂದು ಬೆಳಕಿನ ಕಿರಣವನ್ನೂ ಅದನ್ನು ಗಮನಿಸುವ ಒಂದು ಸಂವೇದಕವನ್ನೂ ಗಣಕಕ್ಕೆ ಜೋಡಿಸಿದ್ದೆವು. ಗುಂಡು ನಡುವಿನ ನೆಲೆಯನ್ನು ದಾಟುವಾಗಲೆಲ್ಲ ಕಿರಣ ಮರೆಯಾಗುವುದು. ಒಂದು ಪೂರ್ಣ ಆಂದೋಲನದಲ್ಲಿ ಇದು ಎರಡು ಸಲ ಆಗುವುದರಿಂದ, ಎರಡು ಮರೆಗಳ ನಡುವಣ ಕಾಲ ಅರ್ಧ ಆಂದೋಲನದ್ದು. ಗಣಕವು ಈ ಅರ್ಧಕಾಲವನ್ನು ತೋರಿಸುತ್ತಿತ್ತು. ‘ಎರಡರಿಂದ ಗುಣಿಸಿ’ ಎಂಬ ಚೌಕವೊಂದು ಕೈಪಿಡಿಯ ನಕ್ಷೆಯಲ್ಲಿತ್ತು. ಮುಂದೆ ಯಾವಾಗಲೋ ತಂತ್ರಾಂಶವನ್ನು ತಿದ್ದಿ, ಪೂರ್ಣಕಾಲವನ್ನು ಅದೇ ಲೆಕ್ಕ ಹಾಕುವಂತೆ ಮಾಡಲಾಯಿತು. ತಿದ್ದುವ ಕೆಲಸಕ್ಕೆ ಹಿಡಿದದ್ದು ಹತ್ತು ನಿಮಿಷ. ನಕ್ಷೆ ಮಾತ್ರ ಹಾಗೆಯೇ ಉಳಿಯಿತು.

ಆ ವರ್ಷ ಒಂದು ತಂಡದ ವಿದ್ಯಾರ್ಥಿಗಳಿಗೆ ಗುರುತ್ವದ ವೇಗೋತ್ಕರ್ಷ ಸೆಕೆಂಡಿಗೆ ಸೆಕೆಂಡಿಗೆ ೯.೮ ಮೀಟರ್ ಬರುವ ಬದಲು ೨.೪೫ ಮೀಟರ್ ಬಂದಿತು. ಸೂತ್ರದಲ್ಲಿ ಕಾಲದ ವರ್ಗ ಛೇದದಲ್ಲಿರುವುದರಿಂದ, ಕಾಲ ಇಮ್ಮಡಿಯಾದರೆ ಉತ್ತರ ಕಾಲುಭಾಗಕ್ಕೆ ಇಳಿಯುವುದು ಸಹಜ. ಆದರೆ ಆ ಹುಡುಗರು ನಕ್ಷೆಯನ್ನು ಸಂಶಯಿಸಲಿಲ್ಲ, ತಮ್ಮನ್ನೇ ಸಂಶಯಿಸಿಕೊಂಡರು. ದಾರದ ಉದ್ದವನ್ನು ಮತ್ತೆ ಮತ್ತೆ ಅಳೆದು ಒಂದು ಮಧ್ಯಾಹ್ನವನ್ನೇ ಕಳೆದರು. ತಪ್ಪು ನಮ್ಮದು. ನಕ್ಷೆಯನ್ನು ಏಕೆ ತಿದ್ದಲಿಲ್ಲವೆಂದರೆ, ಅದನ್ನು ಬಿಡಿಸಿದ್ದ ಮೂಲ ಕಡತ ಎಲ್ಲಿಯೂ ಸಿಕ್ಕಲಿಲ್ಲ. ಉಳಿದದ್ದು ಅಚ್ಚಾದ ಚಿತ್ರವೊಂದೇ. ಒಂದು ಚೌಕವನ್ನು ತೆಗೆಯಲು ಇಡೀ ನಕ್ಷೆಯನ್ನು ಹೊಸದಾಗಿ ಬಿಡಿಸಬೇಕಾಗಿತ್ತು. ನಾಳೆ ಮಾಡೋಣವೆಂದು ಬಿಟ್ಟದ್ದು ಹಾಗೆಯೇ ಉಳಿಯಿತು.

ಇದು ನಮ್ಮೊಬ್ಬರ ಕಥೆಯಲ್ಲ. ತಂತ್ರಾಂಶ ದಿನದಿನವೂ ಬದಲಾಗುವ ವಸ್ತು. ಕೈಯಿಂದ ಬಿಡಿಸಿದ ಚಿತ್ರ ಬದಲಾಗಲು ಒಲ್ಲದ ವಸ್ತು. ಇವೆರಡನ್ನೂ ಜೊತೆಯಲ್ಲಿ ನಡೆಸುವುದು ಹೇಗೆ? ಈ ಪ್ರಶ್ನೆಗೆ ದೊರೆತಿರುವ ಉತ್ತರಗಳಲ್ಲಿ ಒಂದು, ನಕ್ಷೆಯನ್ನು ಬಿಡಿಸದೆ ಬರೆಯುವುದು.

ನಕ್ಷೆಯಲ್ಲಿರುವ ಎರಡು ಅಂಶಗಳು

ನಕ್ಷೆಯನ್ನು ಬರೆಯುವುದೆಂದರೇನು? ಇದನ್ನು ತಿಳಿಯಲು ನಕ್ಷೆಯೊಂದರಲ್ಲಿ ಬೆರೆತಿರುವ ಎರಡು ಅಂಶಗಳನ್ನು ಬೇರ್ಪಡಿಸಿ ನೋಡಬೇಕು. ಒಂದು, ಯಾವುದು ಯಾವುದಕ್ಕೆ ಸಂಬಂಧಿಸಿದೆ ಎಂಬುದು. ಇನ್ನೊಂದು, ಕಾಗದದ ಮೇಲೆ ಯಾವುದು ಎಲ್ಲಿದೆ ಎಂಬುದು. ಮೊದಲನೆಯದನ್ನು ಸಂಬಂಧವೆಂದೂ ಎರಡನೆಯದನ್ನು ವಿನ್ಯಾಸವೆಂದೂ ಕರೆಯೋಣ.

ಇವೆರಡೂ ಬೇರೆ ಬೇರೆ ಎಂಬುದನ್ನು ೧೭೩೬ರಷ್ಟು ಹಿಂದೆಯೇ ಆಯ್ಲರ್ ಎಂಬ ಗಣಿತಜ್ಞನು ತೋರಿಸಿಕೊಟ್ಟನು. ಕ್ಯೋನಿಗ್ಸ್‌ಬರ್ಗ್ ನಗರದ ಏಳು ಸೇತುವೆಗಳನ್ನೂ ಒಂದೊಂದೇ ಸಲ ದಾಟಿ ಸುತ್ತಿಬರಲು ಸಾಧ್ಯವೇ ಎಂಬ ಪ್ರಶ್ನೆಗೆ ಸೇತುವೆಯ ಉದ್ದವಾಗಲಿ, ನದಿಯ ತಿರುವಾಗಲಿ ಮುಖ್ಯವಲ್ಲ; ಯಾವ ನೆಲವನ್ನು ಯಾವ ನೆಲಕ್ಕೆ ಎಷ್ಟು ಸೇತುವೆಗಳು ಕೂಡಿಸುತ್ತವೆ ಎಂಬುದಷ್ಟೇ ಮುಖ್ಯ. ಬಿಂದುಗಳು ಮತ್ತು ಅವುಗಳನ್ನು ಕೂಡಿಸುವ ಗೆರೆಗಳು, ಇಷ್ಟೇ ಸಾಮಗ್ರಿಯಿಂದ ಕೂಡಿದ ಆಕೃತಿಗೆ ಗಣಿತದಲ್ಲಿ ಗ್ರಾಫ್ ಎಂದು ಹೆಸರು.

ತಂತ್ರಾಂಶದ ನಕ್ಷೆಗಳಲ್ಲಿ ಬಹುಪಾಲು ಇಂಥ ಗ್ರಾಫ್‌ಗಳೇ. ಅವುಗಳ ತಿರುಳಾದ ಸಂಬಂಧವನ್ನು ಸರಳವಾದ ಸಾಲುಗಳಲ್ಲಿ ಬರೆದಿಡಬಹುದು. ವಿನ್ಯಾಸವು ಕಣ್ಣಿನ ಅನುಕೂಲಕ್ಕಾಗಿ ಇರುವುದು. ಅದನ್ನು ಯಂತ್ರಕ್ಕೆ ವಹಿಸಿಬಿಡಬಹುದು. ನಮ್ಮ ಲೋಲಕದ ತಂತ್ರಾಂಶವನ್ನೇ ತೆಗೆದುಕೊಂಡರೆ ಅದರ ನಕ್ಷೆಯ ಬರಹ ಹೀಗಿರುವುದು:

ಸಂವೇದಕ -> ಎಣಿಕೆ
ಎಣಿಕೆ -> ಅವಧಿ
ಎಣಿಕೆ -> ದಾಖಲೆ
ಅವಧಿ -> ಸರಾಸರಿ
ಸರಾಸರಿ -> ಫಲಿತಾಂಶ
ದಾಖಲೆ -> ಫಲಿತಾಂಶ

ಇಲ್ಲಿ ಚೌಕವೆಷ್ಟು ಅಗಲ, ಬಾಣವೆಷ್ಟು ಉದ್ದ, ಯಾವುದು ಎಡಕ್ಕೆ, ಯಾವುದು ಬಲಕ್ಕೆ ಎಂಬ ಮಾತೇ ಇಲ್ಲ. ಈ ಸಾಲುಗಳ ಮುಂದೆ ಇದು ಬಾಣಗಳುಳ್ಳ ಗ್ರಾಫ್ ಎಂದು ತಿಳಿಸುವ ಒಂದು ಪದವನ್ನು ಸೇರಿಸಿ, ಎಲ್ಲವನ್ನೂ ಆವರಣ ಚಿಹ್ನೆಯೊಳಗೆ ಇಟ್ಟು ಕೊಟ್ಟರೆ, ಗ್ರಾಫ್‌ವಿಜ್ ಎಂಬ ತಂತ್ರಾಂಶವು ಕ್ಷಣಮಾತ್ರದಲ್ಲಿ ನಕ್ಷೆಯನ್ನು ಬಿಡಿಸಿಕೊಡುತ್ತದೆ. ಹೆಸರುಗಳು ಕನ್ನಡದಲ್ಲಿದ್ದರೂ ಅಡ್ಡಿಯಿಲ್ಲ; ಕನ್ನಡ ಲಿಪಿಯ ಅಚ್ಚಿನ ಮಾದರಿ, ಎಂದರೆ ಫಾಂಟ್, ಆ ಗಣಕದಲ್ಲಿ ಇದ್ದರಾಯಿತು.

ಹಳೆಯ ಆಸೆ

ಈ ಯೋಚನೆ ಇಂದು ನಿನ್ನೆಯದಲ್ಲ. ಗೋಲ್ಡ್‌ಸ್ಟೈನ್ ಮತ್ತು ಫಾನ್ ನಾಯ್‌ಮನ್ ಎಂಬ ಗಣಿತಜ್ಞರು ೧೯೪೭ರಲ್ಲಿ ಪ್ರಿನ್ಸ್‌ಟನ್ನಿನಿಂದ ಹೊರತಂದ ವರದಿಯಲ್ಲಿಯೇ, ಗಣಕಕ್ಕೆ ಕೊಡುವ ಆದೇಶಗಳ ಓಟವನ್ನು ತೋರಿಸಲು ನಕ್ಷೆಗಳನ್ನು ಬಳಸಿದ್ದರು. ಅವುಗಳನ್ನು ಕೈಯಿಂದ ಬಿಡಿಸುವುದು ಎಷ್ಟು ಬೇಸರದ ಕೆಲಸವೆಂಬುದು ಬೇಗನೆ ಗೊತ್ತಾಯಿತು. ಫೋರ್ಟ್ರಾನ್ ಭಾಷೆಯನ್ನು ರಚಿಸಿದ ತಂಡದಲ್ಲಿದ್ದ ಲೋಯಿಸ್ ಹೈಬ್ಟ್ ಎಂಬಾಕೆ, ಇಂಥ ನಕ್ಷೆಗಳನ್ನು ಗಣಕವೇ ಬಿಡಿಸುವ ಕ್ರಮವಿಧಿಯೊಂದನ್ನು ೧೯೫೯ರಲ್ಲಿ ವಿವರಿಸಿದರು. ೧೯೬೩ರಲ್ಲಿ ಡೊನಾಲ್ಡ್ ಕ್ನೂತ್ ಅವರು, ತಂತ್ರಾಂಶವನ್ನು ಬರೆಯುವವನು ಅದರ ವಿವರಣೆಯನ್ನು ಸರಳವಾದ ಒಂದು ಕ್ರಮದಲ್ಲಿ ಬರೆದುಕೊಟ್ಟರೆ ಗಣಕವು ನಕ್ಷೆಗಳನ್ನು ಸಿದ್ಧಪಡಿಸುವ ಏರ್ಪಾಡನ್ನು ಪ್ರಕಟಿಸಿದರು. ವಿವರಣೆಯನ್ನು ಕಾಲಕಾಲಕ್ಕೆ ತಿದ್ದಿಕೊಳ್ಳುವುದು ಸುಲಭವಾಗುವುದೆಂಬುದನ್ನು ಅವರು ಆಗಲೇ ಎತ್ತಿ ಹೇಳಿದ್ದರು.

೧೯೮೦ರ ದಶಕದ ಆರಂಭದಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಬ್ರಯಾನ್ ಕರ್ನಿಘನ್ ಅವರು ಪಿಕ್ ಎಂಬ ಪುಟ್ಟ ಭಾಷೆಯನ್ನು ರಚಿಸಿದರು. ‘ಒಂದು ಚೌಕ, ಅದರ ಬಲಕ್ಕೆ ಬಾಣ, ಮುಂದೆ ಇನ್ನೊಂದು ಚೌಕ’ ಎಂಬಂತೆ ಬರೆದರೆ ಚಿತ್ರ ಅಚ್ಚಾಗುತ್ತಿತ್ತು. ಆದರೆ ಎಲ್ಲಿ ಏನಿರಬೇಕೆಂಬುದನ್ನು ಬರೆಯುವವನೇ ಹೇಳಬೇಕಾಗಿತ್ತು. ಆ ಹೊರೆಯನ್ನೂ ಯಂತ್ರದ ಮೇಲೆ ಹಾಕಿದ ಗ್ರಾಫ್‌ವಿಜ್ ೧೯೯೦ರ ದಶಕದಲ್ಲಿ ಅದೇ ಪ್ರಯೋಗಾಲಯದಲ್ಲಿ ಬೆಳೆಯಿತು. ಅನಂತರ ೨೦೦೯ರಲ್ಲಿ ಪ್ಲಾಂಟ್‌ಯುಎಂಎಲ್, ೨೦೧೪ರಲ್ಲಿ ಮರ್ಮೇಡ್ ಹುಟ್ಟಿದುವು. ತಂತ್ರಾಂಶಗಳ ಮೂಲಬರಹವನ್ನು ಕೂಡಿಡುವ ಗಿಟ್‌ಹಬ್ ಎಂಬ ತಾಣವು ೨೦೨೨ರ ಫೆಬ್ರವರಿಯಿಂದ, ಪುಟದ ನಡುವೆ ಮರ್ಮೇಡ್ ಭಾಷೆಯಲ್ಲಿ ಬರೆದ ಸಾಲುಗಳನ್ನು ನಕ್ಷೆಯಾಗಿಯೇ ತೋರಿಸುತ್ತಿದೆ.

ಸಾಲುಗಳಲ್ಲಿ ನಿಲ್ಲಿಸುವ ವಿಧಾನ

ಹಾಗಾದರೆ ಯಂತ್ರವು ಚೌಕಗಳಿಗೆ ಸ್ಥಳವನ್ನು ಹೇಗೆ ಗೊತ್ತುಮಾಡುತ್ತದೆ? ನಮ್ಮ ವಿಷಯದಲ್ಲಿ ಅತ್ಯಂತ ಸ್ವಾರಸ್ಯವಾದ ಭಾಗ ಇದೇ. ಇದಕ್ಕೆ ಎರಡು ಮುಖ್ಯ ಮಾರ್ಗಗಳಿವೆ. ಮೊದಲನೆಯದನ್ನು ಜಪಾನಿನ ಸುಗಿಯಾಮಾ, ತಗಾವಾ, ತೋದಾ ಎಂಬ ಮೂವರು ೧೯೮೧ರಲ್ಲಿ ಪ್ರಕಟಿಸಿದರು.

ಇದರಲ್ಲಿ ಮೊದಲ ಹೆಜ್ಜೆ ವಸ್ತುಗಳನ್ನು ಮೆಟ್ಟಿಲುಗಳಂತೆ ಸಾಲುಗಳಲ್ಲಿ ನಿಲ್ಲಿಸುವುದು. ಬಾಣ ಹೊರಡುವ ವಸ್ತು ಮೇಲಿನ ಸಾಲಿನಲ್ಲಿ, ಬಾಣ ತಲಪುವ ವಸ್ತು ಕೆಳಗಿನ ಸಾಲಿನಲ್ಲಿ ಇರಬೇಕು. ನಮ್ಮ ಉದಾಹರಣೆಯಲ್ಲಿ ಸಂವೇದಕ ಮೊದಲ ಸಾಲು, ಎಣಿಕೆ ಎರಡನೆಯದು, ಅವಧಿ, ದಾಖಲೆ ಮೂರನೆಯದು, ಸರಾಸರಿ ನಾಲ್ಕನೆಯದು, ಫಲಿತಾಂಶ ಐದನೆಯದು. ಬಾಣಗಳು ಚಕ್ರವಾಗಿ ಸುತ್ತಿ ಬಂದಲ್ಲಿಗೇ ಬಂದರೆ, ಅವುಗಳಲ್ಲಿ ಒಂದನ್ನು ತಾತ್ಕಾಲಿಕವಾಗಿ ತಿರುಗಿಸಿಟ್ಟುಕೊಂಡು ಕೊನೆಯಲ್ಲಿ ಮತ್ತೆ ಸರಿಪಡಿಸುತ್ತಾರೆ. ದಾಖಲೆಯಿಂದ ಫಲಿತಾಂಶಕ್ಕೆ ಹೋಗುವ ಬಾಣ ನಡುವೆ ಒಂದು ಸಾಲನ್ನು ಹಾರುತ್ತದೆ. ಅಂಥಲ್ಲಿ ನಾಲ್ಕನೆಯ ಸಾಲಿನಲ್ಲಿ ಕಾಣಿಸದ ಒಂದು ಹುಸಿ ಬಿಂದುವನ್ನು ಇಟ್ಟು, ಬಾಣಕ್ಕೆ ದಾರಿ ಬಿಡುತ್ತಾರೆ.

ಎರಡನೆಯ ಹೆಜ್ಜೆ ಕಷ್ಟವಾದದ್ದು. ಒಂದೊಂದು ಸಾಲಿನಲ್ಲಿ ವಸ್ತುಗಳನ್ನು ಯಾವ ಅನುಕ್ರಮದಲ್ಲಿ ನಿಲ್ಲಿಸಿದರೆ ಗೆರೆಗಳು ಒಂದನ್ನೊಂದು ಅತಿ ಕಡಿಮೆ ದಾಟುವುವು? ಎಲ್ಲ ಅನುಕ್ರಮಗಳನ್ನೂ ಪರೀಕ್ಷಿಸಿಬಿಡೋಣವೆಂದರೆ ಆಗದು. ಹತ್ತು ವಸ್ತುಗಳನ್ನು ಒಂದು ಸಾಲಿನಲ್ಲಿ ೩೬,೨೮,೮೦೦ ಬಗೆಯಾಗಿ ನಿಲ್ಲಿಸಬಹುದು. ಅಂಥ ಸಾಲುಗಳು ಮೂರಿದ್ದರೆ ಈ ಸಂಖ್ಯೆಯನ್ನು ಘನಮಾಡಬೇಕು. ಸೆಕೆಂಡಿಗೆ ನೂರು ಕೋಟಿ ವಿನ್ಯಾಸಗಳನ್ನು ನೋಡಬಲ್ಲ ಯಂತ್ರಕ್ಕೂ ಅವೆಲ್ಲವನ್ನೂ ಮುಗಿಸಲು ಸಾವಿರದ ಐನೂರು ವರ್ಷಗಳಿಗಿಂತ ಹೆಚ್ಚು ಕಾಲ ಹಿಡಿಯುವುದು! ದಾಟುಗಳನ್ನು ಅತ್ಯಂತ ಕಡಿಮೆ ಮಾಡುವ ಸಮಸ್ಯೆ, ಶೀಘ್ರವಾಗಿ ಬಿಡಿಸುವ ಉಪಾಯ ಯಾರಿಗೂ ತಿಳಿಯದ ಕಠಿನ ಸಮಸ್ಯೆಗಳ ಗುಂಪಿಗೆ ಸೇರಿದುದೆಂದು ಗೇರಿ ಮತ್ತು ಜಾನ್ಸನ್ ಎಂಬವರು ೧೯೮೩ರಲ್ಲಿ ಸಾಧಿಸಿ ತೋರಿಸಿದ್ದಾರೆ.

ಆದುದರಿಂದ ಪರಿಪೂರ್ಣತೆಯ ಹಟವನ್ನು ಬಿಟ್ಟು, ಸಾಕಷ್ಟು ಒಳ್ಳೆಯ ಉತ್ತರಕ್ಕೆ ಸರಳವಾದ ಒಂದು ಉಪಾಯವನ್ನು ಬಳಸುತ್ತಾರೆ. ಪ್ರತಿಯೊಂದು ವಸ್ತುವನ್ನೂ ಅದರ ನಂಟರ ಸ್ಥಾನಗಳ ಸರಾಸರಿಯ ಬಳಿಗೆ ತರುವುದು, ಇದೇ ಆ ಉಪಾಯ. ಓದುಗರು ಕಾಗದ ಪೆನ್ಸಿಲು ಹಿಡಿದು ಇದನ್ನು ತಾವೇ ಮಾಡಿ ನೋಡಬಹುದು. ಮೇಲಿನ ಸಾಲಿನಲ್ಲಿ ಅ, ಇ, ಉ ಎಂಬ ಮೂರು ಬಿಂದುಗಳನ್ನೂ, ಕೆಳಗಿನ ಸಾಲಿನಲ್ಲಿ ಕ, ಗ, ಚ ಎಂಬ ಮೂರನ್ನೂ ಇದೇ ಅನುಕ್ರಮದಲ್ಲಿ ಬರೆಯಿರಿ. ಕ ಎಂಬುದನ್ನು ಇ ಮತ್ತು ಉಗಳಿಗೆ, ಗ ಎಂಬುದನ್ನು ಅ ಮತ್ತು ಉಗಳಿಗೆ, ಚ ಎಂಬುದನ್ನು ಅ ಒಂದಕ್ಕೇ ಗೆರೆಯಿಂದ ಕೂಡಿಸಿರಿ. ಗೆರೆಗಳು ಐದು ಕಡೆ ಒಂದನ್ನೊಂದು ದಾಟುವುವು.

ಈಗ ಸರಾಸರಿಯ ಲೆಕ್ಕ. ಅ, ಇ, ಉಗಳ ಸ್ಥಾನ ೧, ೨, ೩. ಕ ಬಿಂದುವಿನ ನಂಟರು ೨ ಮತ್ತು ೩ರಲ್ಲಿರುವುದರಿಂದ ಸರಾಸರಿ ೨.೫; ಗ ಬಿಂದುವಿಗೆ ೧ ಮತ್ತು ೩ರ ಸರಾಸರಿ ೨; ಚ ಬಿಂದುವಿಗೆ ೧. ಆದುದರಿಂದ ಕೆಳಗಿನ ಸಾಲನ್ನು ಚ, ಗ, ಕ ಎಂದು ಬದಲಿಸಬೇಕು. ಬರೆದು ನೋಡಿ, ಐದು ದಾಟುಗಳಿದ್ದಲ್ಲಿ ಒಂದೇ ಉಳಿಯುವುದು. ಇನ್ನು ಇದೇ ಕ್ರಮವನ್ನು ಕೆಳಗಿನಿಂದ ಮೇಲಕ್ಕೆ ನಡೆಸೋಣ. ಚ, ಗ, ಕಗಳ ಸ್ಥಾನ ಈಗ ೧, ೨, ೩. ಅ ಬಿಂದುವಿಗೆ ಸರಾಸರಿ ೧.೫, ಇ ಬಿಂದುವಿಗೆ ೩, ಉ ಬಿಂದುವಿಗೆ ೨.೫. ಮೇಲಿನ ಸಾಲು ಅ, ಉ, ಇ ಎಂದಾಗುವುದು. ಈಗ ಒಂದು ದಾಟೂ ಇಲ್ಲ! ಎಲ್ಲ ನಕ್ಷೆಗಳೂ ಇಷ್ಟು ಸುಲಭವಾಗಿ ಬಿಡಿಸಿಕೊಳ್ಳುವುದಿಲ್ಲ. ಆದರೂ ಹೀಗೆ ಮೇಲಕ್ಕೂ ಕೆಳಕ್ಕೂ ಹಲವು ಸಲ ಓಡಾಡಿದರೆ ಬಹಳ ಮಟ್ಟಿಗೆ ತೊಡಕು ಬಿಡುತ್ತದೆ. ಕೊನೆಯಲ್ಲಿ ಚೌಕಗಳ ನಡುವೆ ತಕ್ಕಷ್ಟು ಅಂತರವನ್ನು ಬಿಟ್ಟು, ಬಾಣಗಳನ್ನು ನಯವಾದ ವಕ್ರರೇಖೆಗಳಾಗಿ ಎಳೆದರೆ ನಕ್ಷೆ ಸಿದ್ಧ.

ಸ್ಪ್ರಿಂಗುಗಳ ವಿಧಾನ

ಬಾಣವಿಲ್ಲದ, ಮೇಲು ಕೆಳಗೆಂಬ ಭೇದವಿಲ್ಲದ ಸಂಬಂಧಗಳಿಗೆ ಎರಡನೆಯ ಮಾರ್ಗ ಹೊಂದುತ್ತದೆ. ಇದು ನೇರವಾಗಿ ಭೌತವಿಜ್ಞಾನದಿಂದ ಬಂದುದು. ಎರಡನೆಯ ಮಹಾಯುದ್ಧದಲ್ಲಿ ಶತ್ರುಗಳ ಗುಪ್ತಲಿಪಿಯನ್ನು ಭೇದಿಸಿ ಹೆಸರಾದ ಟಟ್ ಎಂಬ ಗಣಿತಜ್ಞರು ೧೯೬೩ರಲ್ಲಿ ಇದಕ್ಕೆ ದಾರಿ ಹಾಕಿದರು. ಹೊರ ಅಂಚಿನ ಬಿಂದುಗಳನ್ನು ಮೊಳೆ ಹೊಡೆದಂತೆ ನಿಲ್ಲಿಸಿ, ಒಳಗಿನ ಪ್ರತಿಯೊಂದು ಬಿಂದುವನ್ನೂ ಅದರ ನೆರೆಯ ಬಿಂದುಗಳ ಗುರುತ್ವಕೇಂದ್ರದಲ್ಲಿ ಇರಿಸಬೇಕೆಂಬುದು ಅವರ ವಿಧಾನ. ಗೆರೆಗಳೆಲ್ಲ ರಬ್ಬರಿನ ಎಳೆಗಳಾಗಿದ್ದರೆ ಬಿಂದುಗಳು ತಾವಾಗಿಯೇ ಅಲ್ಲಿಗೆ ಹೋಗಿ ನಿಲ್ಲುತ್ತಿದ್ದುವು.

೧೯೮೪ರಲ್ಲಿ ಪೀಟರ್ ಈಡ್ಸ್ ಅವರು ಬಿಂದುಗಳನ್ನು ಉಕ್ಕಿನ ಬಳೆಗಳೆಂದೂ ಗೆರೆಗಳನ್ನು ಸ್ಪ್ರಿಂಗುಗಳೆಂದೂ ಭಾವಿಸಿದರು. ಬಳೆಗಳನ್ನು ಹೇಗೆ ಹೇಗೋ ಇಟ್ಟು ಕೈಬಿಟ್ಟರೆ, ಸ್ಪ್ರಿಂಗುಗಳು ಎಳೆದು ತಳ್ಳಿ ಅವುಗಳನ್ನು ಒಂದು ಸಮತೋಲಕ್ಕೆ ತರುತ್ತವೆ. ೧೯೯೧ರಲ್ಲಿ ಫ್ರುಕ್ಟರ್‌ಮನ್ ಮತ್ತು ರೈನ್‌ಗೋಲ್ಡ್ ಅವರು ಇದನ್ನು ಇನ್ನೂ ಸರಳಗೊಳಿಸಿದರು. ಅವರ ಕ್ರಮದಲ್ಲಿ ಗೆರೆಯಿಂದ ಕೂಡಿದ ಬಿಂದುಗಳ ನಡುವೆ ಆಕರ್ಷಣೆ ಇದೆ. ಎಲ್ಲ ಬಿಂದುಗಳ ನಡುವೆಯೂ ವಿಕರ್ಷಣೆ ಇದೆ. ನಮಗೆ ಬೇಕಾದ ಅಂತರ ೪ ಮಾನಗಳೆಂದಿಟ್ಟುಕೊಳ್ಳೋಣ. ಇರುವ ದೂರದ ವರ್ಗವನ್ನು ೪ರಿಂದ ಭಾಗಿಸಿದರೆ ಆಕರ್ಷಣೆ. ೪ರ ವರ್ಗವನ್ನು ಇರುವ ದೂರದಿಂದ ಭಾಗಿಸಿದರೆ ವಿಕರ್ಷಣೆ. ಎರಡು ಬಿಂದುಗಳು ೮ ಮಾನ ದೂರದಲ್ಲಿದ್ದರೆ ಆಕರ್ಷಣೆ ೧೬, ವಿಕರ್ಷಣೆ ೨. ಅವು ಹತ್ತಿರಕ್ಕೆ ಬರುವುವು. ೨ ಮಾನ ದೂರದಲ್ಲಿದ್ದರೆ ಆಕರ್ಷಣೆ ೧, ವಿಕರ್ಷಣೆ ೮. ಅವು ದೂರ ಸರಿಯುವುವು. ೪ರಲ್ಲಿದ್ದರೆ ಎರಡೂ ೪; ಅವು ನಿಲ್ಲುವುವು. ಬಿಂದುಗಳು ಅತ್ತಿತ್ತ ತೂಗಾಡುತ್ತಲೇ ಇರದಂತೆ, ಒಂದು ಸಲಕ್ಕೆ ಎಷ್ಟು ಸರಿಯಬಹುದೆಂಬುದಕ್ಕೆ ಮಿತಿಯನ್ನಿಟ್ಟು, ಆ ಮಿತಿಯನ್ನು ಬರಬರುತ್ತ ಇಳಿಸುತ್ತಾರೆ. ಕಾಸಿದ ಲೋಹ ನಿಧಾನವಾಗಿ ಆರುತ್ತ ಗಟ್ಟಿಯಾಗುವುದನ್ನು ಇದು ಹೋಲುವುದರಿಂದ, ಆ ಮಿತಿಗೆ ‘ಉಷ್ಣತೆ’ ಎಂದೇ ಹೆಸರಿಟ್ಟಿದ್ದಾರೆ.

ಲಾಭವೇನು, ಮಿತಿಯೇನು?

ಇಷ್ಟೆಲ್ಲ ಜಾಣತನದಿಂದ ನಮಗಾದ ಲಾಭವೇನು? ಮೊದಲನೆಯದಾಗಿ, ನಕ್ಷೆಯ ಬರಹವನ್ನು ತಂತ್ರಾಂಶದ ಬರಹದ ಪಕ್ಕದಲ್ಲಿಯೇ ಇಡಬಹುದು. ಒಂದನ್ನು ತಿದ್ದುವವನ ಕಣ್ಣಿಗೆ ಇನ್ನೊಂದು ಬೀಳದೆ ಇರದು. ಒಂದು ಚೌಕವನ್ನು ತೆಗೆಯುವುದೆಂದರೆ ಒಂದೆರಡು ಸಾಲುಗಳನ್ನು ಅಳಿಸುವುದು, ಅಷ್ಟೆ. ಎರಡನೆಯದಾಗಿ, ಹೋದ ವರ್ಷದ ನಕ್ಷೆಗೂ ಈ ವರ್ಷದ ನಕ್ಷೆಗೂ ಏನು ವ್ಯತ್ಯಾಸವೆಂದು ಕೇಳಿದರೆ, ಎರಡು ಚಿತ್ರಗಳನ್ನು ಬೆಳಕಿಗೆ ಹಿಡಿದು ಹುಡುಕಬೇಕಾಗಿಲ್ಲ. ಬದಲಾದ ಸಾಲುಗಳನ್ನು ಗಣಕವೇ ಎತ್ತಿ ತೋರಿಸುವುದು. ಮೂರನೆಯದು ಇವೆರಡಕ್ಕಿಂತ ಹಿರಿದು. ಕಣ್ಣು ಕಾಣದ ಓದುಗರಿಗೆ ವಿವರಣೆಯಿಲ್ಲದ ಚಿತ್ರ ಒಂದು ಮೂಕ ಗೋಡೆ. ಆದರೆ ‘ಎಣಿಕೆಯಿಂದ ಅವಧಿಗೆ’ ಎಂಬ ಸಾಲನ್ನು, ಬರಹವನ್ನು ಓದಿ ಹೇಳುವ ತಂತ್ರಾಂಶದ ನೆರವಿನಿಂದ ಅವರು ಕೇಳಬಲ್ಲರು. ತಾವೇ ಅಂಥ ಸಾಲನ್ನು ಬರೆದು ಕಣ್ಣುಳ್ಳವರಿಗೆ ನಕ್ಷೆಯನ್ನು ಮಾಡಿಕೊಡಲೂ ಬಲ್ಲರು.

ಮಿತಿಗಳನ್ನೂ ಮರೆಯಬಾರದು. ಎಲ್ಲಿ ಸ್ಥಾನಕ್ಕೇ ಅರ್ಥವಿದೆಯೋ ಅಲ್ಲಿ ಈ ವಿಧಾನ ಸಲ್ಲದು. ಊರುಗಳ ಭೂಪಟವನ್ನೋ ಮಸೂರದ ಮೂಲಕ ಹಾಯುವ ಕಿರಣಗಳ ಚಿತ್ರವನ್ನೋ ಹೀಗೆ ಯಂತ್ರದ ಇಷ್ಟಕ್ಕೆ ಬಿಡಲಾಗದು. ನೂರಾರು ಚೌಕಗಳಾದರೆ ನಕ್ಷೆ ಸಿಕ್ಕಾದ ನೂಲಿನ ಉಂಡೆಯಂತಾಗುತ್ತದೆ. ಅದನ್ನು ಒಡೆದು ಹಲವು ಸಣ್ಣ ನಕ್ಷೆಗಳಾಗಿ ಮಾಡುವ ವಿವೇಕ ಮನುಷ್ಯನದೇ. ಒಂದು ಸಾಲನ್ನು ಸೇರಿಸಿದರೆ ಇಡೀ ವಿನ್ಯಾಸವೇ ಪಲ್ಲಟವಾಗಿ, ಹಳೆಯ ನಕ್ಷೆಗೆ ಒಗ್ಗಿದ್ದ ಕಣ್ಣಿಗೆ ದಿಕ್ಕು ತಪ್ಪುವುದೂ ಉಂಟು. ಯಂತ್ರಕ್ಕೆ ಗೆರೆಗಳ ದಾಟು ಗೊತ್ತೇ ಹೊರತು, ಯಾವ ಚೌಕ ಮುಖ್ಯ, ಯಾವುದು ಅಮುಖ್ಯ ಎಂಬುದು ಗೊತ್ತಿಲ್ಲ.

ಎಲ್ಲಕ್ಕಿಂತ ಮುಖ್ಯವಾದ ಮಾತೊಂದಿದೆ. ಬರಹವೂ ಸುಳ್ಳಾಗಬಲ್ಲುದು. ತಂತ್ರಾಂಶವನ್ನು ತಿದ್ದಿ ನಕ್ಷೆಯ ಸಾಲನ್ನು ತಿದ್ದದೆ ಬಿಟ್ಟರೆ, ಯಂತ್ರವು ಆ ಸುಳ್ಳನ್ನೇ ಅಂದವಾಗಿ ಬಿಡಿಸಿ ಕೊಡುತ್ತದೆ. ತಿದ್ದುವ ಶ್ರಮವನ್ನು ಒಂದು ಮಧ್ಯಾಹ್ನದಿಂದ ಅರ್ಧ ನಿಮಿಷಕ್ಕೆ ಇಳಿಸಿ, ‘ನಾಳೆ ನೋಡೋಣ’ ಎನ್ನಲು ಇದ್ದ ನೆಪವನ್ನು ಈ ವಿಧಾನ ಕಿತ್ತುಕೊಳ್ಳುತ್ತದೆ. ತಿದ್ದುವ ಮನಸ್ಸನ್ನು ನಾವೇ ತರಬೇಕು.

ನಮ್ಮ ಪ್ರಯೋಗಶಾಲೆಯ ಕೈಪಿಡಿಯಲ್ಲಿ ಈಗ ಲೋಲಕದ ನಕ್ಷೆಯ ಕೆಳಗೆ ಅದರ ಆರು ಸಾಲುಗಳೂ ಅಚ್ಚಾಗಿವೆ. ವಿದ್ಯಾರ್ಥಿಗಳು ಅವುಗಳನ್ನು ತಂತ್ರಾಂಶದೊಡನೆ ಹೋಲಿಸಿ ನೋಡಿ, ತಪ್ಪಿದ್ದರೆ ತಿದ್ದಿ, ಅನಂತರ ಪ್ರಯೋಗಕ್ಕೆ ತೊಡಗುತ್ತಾರೆ. ಉತ್ತರ ೯.೮ರಿಂದ ಬಹಳ ದೂರ ಹೋದಾಗ ಅವರು ದಾರವನ್ನು ಮಾತ್ರವಲ್ಲದೆ ನಕ್ಷೆಯನ್ನೂ ಪ್ರಶ್ನಿಸುವುದನ್ನು ಕಲಿತಿದ್ದಾರೆ. ಅಂದು ಆ ತಂಡವು ಕಳೆದುಕೊಂಡ ಮಧ್ಯಾಹ್ನಕ್ಕೆ ಇಷ್ಟಾದರೂ ಪ್ರತಿಫಲ ದೊರೆಯಿತೆಂದು ನಾವು ಸಮಾಧಾನಪಟ್ಟುಕೊಂಡಿದ್ದೇವೆ.